ಹಾನ್ಲೆಯಿಂದ ಅರೋರಾ ನೋಡಲು ಏನೇನು ಬೇಕು

ಸೂರ್ಯನಿಂದ ಬಂದ ಕಣಗಳು ವಾತಾವರಣಕ್ಕೆ ಬಡಿದು ಆಕಾಶ ಬೆಳಗುವುದೇ ಅರೋರಾ, ಅಂದರೆ ಧ್ರುವಪ್ರಭೆ. ಭಾರತದೊಳಗೆ ಅದಕ್ಕೆ ಕಾಯಲು ಯೋಗ್ಯವಾದ ಜಾಗ ಲಡಾಖ್‌ನ ಹಾನ್ಲೆ. ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವೀಕ್ಷಣಾಲಯ ಅಲ್ಲಿನ 4,500 ಮೀಟರ್ ಎತ್ತರದ ಬೆಟ್ಟದ ಮೇಲಿದೆ. 2023ರ ಏಪ್ರಿಲ್, 2024ರ ಮೇ ಮತ್ತು ಅಕ್ಟೋಬರ್‌ನ ಸೌರ ಬಿರುಗಾಳಿಗಳಲ್ಲಿ ಹಾನ್ಲೆಯ ಉತ್ತರ ದಿಗಂತ ಕೆಂಪಾದದ್ದು ಕ್ಯಾಮೆರಾಗಳಲ್ಲಿ ದಾಖಲಾಗಿದೆ.

ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ. ಸೂರ್ಯನಿಂದ ಸಿಡಿದ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಮೋಡ, ಭೂಮಿಗೆ ಬರಲು 1ರಿಂದ 3 ದಿನ. ಬೆಂಗಳೂರಿನಿಂದ ವಿಮಾನದಲ್ಲಿ ಹೋದವರ ದೇಹ ಹಾನ್ಲೆ ಹಳ್ಳಿಯ 4,250 ಮೀಟರ್‌ಗೆ ಒಗ್ಗಲು ಕನಿಷ್ಠ 3 ದಿನ. ಹಾಗಾಗಿ ಸೌರ ಬಿರುಗಾಳಿಯ ಅಲರ್ಟ್ ನೋಡಿ ಹೊರಟವರು ಬಿರುಗಾಳಿಯ ರಾತ್ರಿ ಲೇಹ್‌ನ ಹೋಟೆಲ್‌ನಲ್ಲಿ ತಲೆನೋವು ಹಿಡಿದು ಮಲಗಿರುತ್ತಾರೆ. ಅಮಾವಾಸ್ಯೆಯ ಆಸುಪಾಸಿನ ವಾರ ಆರಿಸಿ ನಕ್ಷತ್ರ ನೋಡಲೆಂದೇ ಹೋಗಿ. ಅರೋರಾ ಬಂದರೆ ಲಾಭ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ವಾಸಿ. ಹಗಲು ರಾತ್ರಿ ಸಮವಾಗುವ ವಿಷುವದ ಸುತ್ತಮುತ್ತ ಭೂಕಾಂತೀಯ ಬಿರುಗಾಳಿಗಳು, ಅಂದರೆ ಭೂಮಿಯ ಕಾಂತಕ್ಷೇತ್ರದ ಏರುಪೇರುಗಳು, ಹೆಚ್ಚು.

ಲೇಹ್‌ನಲ್ಲಿ ಎರಡು ರಾತ್ರಿ ಸುಮ್ಮನೆ ಕಳೆಯಿರಿ. ಮೂರನೆಯ ರಾತ್ರಿ ಸುಮಾರು 4,000 ಮೀಟರ್‌ನ ಚುಮಾಥಾಂಗ್‌ನಲ್ಲಿ ತಂಗಿದರೆ ಇನ್ನೂ ಒಳ್ಳೆಯದು. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡಯಾಮಾಕ್ಸ್ ತೆಗೆದುಕೊಳ್ಳುವುದಿದ್ದರೆ ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ನಡಿಗೆಯಲ್ಲಿ ತೂರಾಟ ಕಂಡರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಯಬೇಕು. ಗಡಿ ಪ್ರದೇಶದ ಅನುಮತಿ ಪತ್ರವಾದ ಇನ್ನರ್ ಲೈನ್ ಪರ್ಮಿಟ್‌ನ ನಾಲ್ಕೈದು ಪ್ರತಿ ಇಟ್ಟುಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಲೇಹ್‌ನಿಂದ ಸುಮಾರು 260 ಕಿ.ಮೀ. ದಾರಿ, ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಇನ್ನು ಎಲ್ಲಿ ನಿಲ್ಲಬೇಕು ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ. ಹಾನ್ಲೆಯ ಭೌಗೋಳಿಕ ಅಕ್ಷಾಂಶ 32.8 ಡಿಗ್ರಿ, ಆದರೆ ಭೂಮಿಯ ಕಾಂತೀಯ ಧ್ರುವಗಳಿಂದ ಲೆಕ್ಕ ಹಾಕುವ ಭೂಕಾಂತೀಯ ಅಕ್ಷಾಂಶ ಸುಮಾರು 24 ಮಾತ್ರ. ಅರೋರಾ ನೆತ್ತಿಯ ಮೇಲೆ ಬರುವುದಿಲ್ಲ. ಎಷ್ಟೋ ದೂರದ ಉತ್ತರದಲ್ಲಿ ಎದ್ದ ಬೆಳಕಿನ ತುದಿ ಮಾತ್ರ ದಿಗಂತದ ಮೇಲೆ ಇಣುಕುತ್ತದೆ. ಹಸಿರು ಬೆಳಕು ಹುಟ್ಟುವುದು 100–150 ಕಿ.ಮೀ. ಎತ್ತರದಲ್ಲಿ, ಅದು ಭೂಮಿಯ ಬಾಗುವಿಕೆಯ ಹಿಂದೆ ಮರೆಯಾಗುತ್ತದೆ. ಆಮ್ಲಜನಕದ 630 ನ್ಯಾನೋಮೀಟರ್ ಕೆಂಪು 200 ಕಿ.ಮೀ.ಗಿಂತ ಮೇಲಿನದು, ಅದಕ್ಕೇ ಉಳಿಯುವುದು ಕೆಂಪು ಮಾತ್ರ. 400 ಕಿ.ಮೀ. ಎತ್ತರದ ಬೆಳಕು ಅಡೆತಡೆಯಿಲ್ಲದ ದಿಗಂತದಲ್ಲಿ ಸುಮಾರು 2,200 ಕಿ.ಮೀ. ದೂರದಿಂದ ಕಾಣಬಲ್ಲದು. ಉತ್ತರಕ್ಕೆ 5 ಡಿಗ್ರಿ ಎತ್ತರದ ಬೆಟ್ಟ ಅಡ್ಡ ನಿಂತರೆ ಆ ದೂರ 1,700ಕ್ಕೆ, 10 ಡಿಗ್ರಿಯಾದರೆ 1,350ರ ಆಸುಪಾಸಿಗೆ ಇಳಿಯುತ್ತದೆ. ಕೈ ನೀಳವಾಗಿ ಚಾಚಿ ಮೂರು ಬೆರಳು ಜೋಡಿಸಿದರೆ 5 ಡಿಗ್ರಿ, ಮುಷ್ಟಿ ಹಿಡಿದರೆ 10. ಹಗಲಿನಲ್ಲೇ ಹೋಂಸ್ಟೇ ಸುತ್ತ ಹೀಗೆ ಅಳೆದು, ಉತ್ತರದ ಬೆಟ್ಟ ಮೂರು ಬೆರಳಿಗಿಂತ ತಗ್ಗಿರುವ ಜಾಗ ಗುರುತು ಮಾಡಿಕೊಳ್ಳಿ. ಗಡಿ ಪ್ರದೇಶ; ಕತ್ತಲಲ್ಲಿ ಜಾಗ ಹುಡುಕುತ್ತ ಅಲೆಯಬೇಡಿ.

ಮುನ್ಸೂಚನೆಗೆ ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಪುಟ ಸಾಕು. ಸಮಯ ಯುಟಿಸಿಯಲ್ಲಿರುತ್ತದೆ, 5 ಗಂಟೆ 30 ನಿಮಿಷ ಕೂಡಿಸಿ. ಭೂಕಾಂತೀಯ ಬಿರುಗಾಳಿಯ ತೀವ್ರತೆಯನ್ನು 0ಯಿಂದ 9ರವರೆಗೆ ಹೇಳುವ ಕೆಪಿ ಸೂಚ್ಯಂಕ 7ಕ್ಕಿಂತ ಕಡಿಮೆಯಿದ್ದರೆ ಹೊದ್ದು ಮಲಗಿ. 8 ಅಥವಾ 9 ಎಂದರೆ ಬಿಝಡ್, ಅಂದರೆ ಸೌರ ಗಾಳಿಯ ಕಾಂತಕ್ಷೇತ್ರದ ಉತ್ತರ–ದಕ್ಷಿಣ ಭಾಗ, ಗಮನಿಸಿ: ಅದು ದಕ್ಷಿಣಕ್ಕೆ ತಿರುಗಿ, ಅಂದರೆ ಋಣ ಸಂಖ್ಯೆಯಾಗಿ, −20 ನ್ಯಾನೋಟೆಸ್ಲಾದ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತರೆ ಹೊರಗೆ ಬನ್ನಿ. ಈ ಅಳತೆ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಎಂಬ ಬಿಂದುವಿನ ಉಪಗ್ರಹಗಳದ್ದು. ಸಿಗುವ ಮುನ್ಸೂಚನೆ ಹೆಚ್ಚೆಂದರೆ ಒಂದು ಗಂಟೆಯಷ್ಟು. ಕೆಪಿ 9 ಎಂದ ಮಾತ್ರಕ್ಕೆ ಗ್ಯಾರಂಟಿ ಇಲ್ಲ. 2024ರ ಮೇ ಬಿರುಗಾಳಿ ಅತ್ಯಂತ ತೀವ್ರವಾದಾಗ ನಮ್ಮಲ್ಲಿ ಮೇ 11ರ ಬೆಳಗಿನ 8ರ ಸುಮಾರು, ಬಿಸಿಲು ಬಂದಾಗಿತ್ತು. ಲಡಾಖ್‌ಗೆ ದಕ್ಕಿದ್ದು ಅದರ ಮೊದಲರ್ಧ ಮಾತ್ರ.

ಬರಿಗಣ್ಣಿಗೆ ಹೆಚ್ಚಾಗಿ ಬೂದು ಮಬ್ಬಷ್ಟೇ. ಕತ್ತಲಿಗೆ ಹೊಂದಿಕೊಂಡ ಕಣ್ಣು ಆಳವಾದ ಕೆಂಪಿಗೆ ಬಹುತೇಕ ಕುರುಡು. ಕ್ಯಾಮೆರಾವೇ ಗತಿ. 14–24 ಎಂಎಂ ಲೆನ್ಸ್, ಎಫ್/2.8 ಅಥವಾ ಇನ್ನೂ ಅಗಲ, ಐಎಸ್‌ಒ 3200, 15 ಸೆಕೆಂಡ್, ರಾ ಫೈಲ್. ಧ್ರುವ ನಕ್ಷತ್ರದ ಬಳಿ ನಕ್ಷತ್ರಗಳು ನಿಧಾನ ಸರಿಯುವುದರಿಂದ 25 ಸೆಕೆಂಡ್ ಆದರೂ ಗೆರೆ ಎದ್ದು ಕಾಣುವುದಿಲ್ಲ. ವೈಟ್ ಬ್ಯಾಲೆನ್ಸ್ 3800 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಅದು ಕೆಂಪನ್ನೇ ದೋಷವೆಂದು ತಿದ್ದಿಬಿಡುತ್ತದೆ. ಲೈವ್ ವ್ಯೂನಲ್ಲಿ ಒಂದು ಪ್ರಖರ ನಕ್ಷತ್ರವನ್ನು ಹಿಗ್ಗಿಸಿ ಫೋಕಸ್ ಮಾಡಿ ರಿಂಗ್‌ಗೆ ಟೇಪ್ ಸುತ್ತಿ. ಚಳಿ ಏರಿದಂತೆ ಫೋಕಸ್ ಸರಿಯಬಹುದು, ಗಂಟೆಗೊಮ್ಮೆ ನೋಡಿ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ. ಲೆನ್ಸ್ ಮೇಲೆ ಮಂಜು ಕೂರದಂತೆ ಹ್ಯಾಂಡ್ ವಾರ್ಮರ್ ಕಟ್ಟಿ. ಮೊಬೈಲ್ ಆದರೆ ಟ್ರೈಪಾಡ್ ಮತ್ತು ಪ್ರೊ ಮೋಡ್. ಹಾನ್ಲೆ ಡಾರ್ಕ್ ಸ್ಕೈ ರಿಸರ್ವ್, ಕೆಂಪು ಟಾರ್ಚ್ ಮಾತ್ರ ಬಳಸಿ. ಫ್ಲ್ಯಾಷ್, ಹೈಬೀಮ್ ಬೇಡ.

ಫ್ರೇಮ್ ಅಡ್ಡಡ್ಡ ಇರಲಿ, ಕೆಳಗಿನ ಕಾಲುಭಾಗ ನೆಲ. ಧ್ರುವ ನಕ್ಷತ್ರ ಅಲ್ಲಿ ದಿಗಂತದಿಂದ ಸುಮಾರು 33 ಡಿಗ್ರಿ ಮೇಲಿದೆ. ನಿಮಗೆ ಬೇಕಾದದ್ದು ಅದರ ಕೆಳಗಿನ ಆಕಾಶ.

ಪರದೆಯಲ್ಲಿ ಕೆಂಪು ಕಂಡ ಕೂಡಲೇ ಕುಣಿಯಬೇಡಿ. ಇಷ್ಟು ಕತ್ತಲಿನಲ್ಲಿ ವಾತಾವರಣದ ಸಹಜ ಹೊಳಪಾದ ಏರ್‌ಗ್ಲೋ ಕೂಡ ಹಸಿರಾಗಿ, ಕೆಂಪಾಗಿ ಫೋಟೊದಲ್ಲಿ ಬೀಳುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ದಕ್ಷಿಣಕ್ಕೂ ಒಂದು ಫೋಟೊ ತೆಗೆಯಿರಿ. ಎರಡೂ ಕಡೆ ಒಂದೇ ಬಣ್ಣವಿದ್ದರೆ ಏರ್‌ಗ್ಲೋ. ಉತ್ತರದಲ್ಲಿ ಮಾತ್ರ, ಕೆಳಗೆ ದಟ್ಟವಾಗಿ ಮೇಲೆ ತೆಳುವಾಗುತ್ತ, ಹತ್ತಿಪ್ಪತ್ತು ನಿಮಿಷದಲ್ಲಿ ಬದಲಾದರೆ ಅರೋರಾ ಇರಬೇಕು. ಅಲುಗಾಡದ ಕೆಂಪು ಕಮಾನಾದರೆ ಅದು ಎಸ್‌ಎಆರ್ ಆರ್ಕ್ (ಸ್ಥಿರವಾದ ಕೆಂಪು ಕಮಾನು) ಎಂಬ ಸೋದರ ವಿದ್ಯಮಾನ ಇದ್ದೀತು. ಲಡಾಖ್‌ನ ಕೆಂಪನ್ನು ಕೆಲವು ವಿಜ್ಞಾನಿಗಳು ಹೀಗೂ ವಿವರಿಸಿದ್ದಾರೆ. ಕ್ಯಾಮೆರಾ ಗಡಿಯಾರ ನಿಖರವಾಗಿದ್ದರೆ ಮಾರನೆಯ ದಿನ ಭೂಕಾಂತೀಯ ಬಿರುಗಾಳಿಯ ಏರಿಳಿತ ತೋರಿಸುವ, ಜಪಾನಿನ ಕ್ಯೋಟೊ ಕೇಂದ್ರದ ಡಿಎಸ್‌ಟಿ ಗ್ರಾಫ್ ಜೊತೆ ಹೋಲಿಸಿ ನೋಡಬಹುದು. ವಾಪಸ್ ಕೋಣೆಗೆ ಬರುವಾಗ ತೇವ ಕೂರದಂತೆ ಕ್ಯಾಮೆರಾವನ್ನು ಹೊರಗೇ ಜಿಪ್ ಚೀಲಕ್ಕೆ ಹಾಕಿ, ಒಳಗೆ ಬಂದಮೇಲೆ ಎರಡು ಗಂಟೆ ತೆರೆಯಬೇಡಿ. ಮೆಮೊರಿ ಕಾರ್ಡ್ ಮಾತ್ರ ಮೊದಲೇ ಹೊರತೆಗೆದಿರಿ, ಇಲ್ಲದಿದ್ದರೆ ತಡೆಯಲಾಗುವುದಿಲ್ಲ.