ಬಾಕ್ಸ್‌ಗಟ್ಟಲೆ ಸೇಬು ತಂದಿದ್ದೀರಾ? ಕೊನೆಯ ಹಣ್ಣಿನ ತನಕ ಹೀಗೆ ಬಳಸಿ

ಹೋದ ವರ್ಷ ಸೆಪ್ಟೆಂಬರಿನಲ್ಲಿ ರೇಟು ಇಳಿದಿದೆ ಎಂದು ಮಾರ್ಕೆಟ್ಟಿನಿಂದ ಒಂದಿಡೀ ಬಾಕ್ಸ್ ಸೇಬು ಹೊತ್ತು ತಂದೆ. ಅಡುಗೆಮನೆ ಮೂಲೆಯಲ್ಲಿ, ಬಾಳೆಹಣ್ಣಿನ ಚಿಪ್ಪಿನ ಪಕ್ಕ ಇಟ್ಟೆ. ಬಾಳೆಹಣ್ಣು ಎರಡೇ ದಿನಕ್ಕೆ ಕಪ್ಪಾಯಿತು. ಹತ್ತು ದಿನ ಬಿಟ್ಟು ಬಾಕ್ಸಿನ ಕೆಳಗಿನ ಟ್ರೇ ಎತ್ತಿದರೆ ಹುಳಿ ವಾಸನೆ. ಮೂರು ಹಣ್ಣು ಕೊಳೆತು, ಪಕ್ಕದವಕ್ಕೂ ಬೂಷ್ಟು ಹತ್ತಿಸಿದ್ದವು. ಮನೆಯಲ್ಲಿ ಕೇಳಬೇಕಾದ ಮಾತೆಲ್ಲ ಕೇಳಿದ್ದಾಯಿತು.

ಆಗ ನನಗೆ ತಿಳಿಯದೇ ಇದ್ದ ಸಂಗತಿ ಒಂದೇ. ಮರದಿಂದ ಕಿತ್ತ ಮೇಲೂ ಸೇಬು ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಾ, ಎಥಿಲೀನ್ ಎಂಬ ಅನಿಲ ಬಿಡುತ್ತಾ ಇರುತ್ತದೆ. ಆ ಅನಿಲ ತಾಗಿದ ಹಣ್ಣು ಬೇಗ ಮಾಗುತ್ತದೆ. ಮಾಗಿದಷ್ಟೂ ಇನ್ನೂ ಜಾಸ್ತಿ ಅನಿಲ ಬಿಡುತ್ತದೆ. ಸೇಬನ್ನು ತುಂಬ ದಿನ ಇಡಬೇಕಾದರೆ ಈ ಉಸಿರಾಟವನ್ನು ನಿಧಾನ ಮಾಡಬೇಕು, ಅಷ್ಟೇ.

ಮೊದಲು, ಕೊಳ್ಳುವಾಗ

ಕೆಂಪಗಿದ್ದರೆ ಹಣ್ಣಾಗಿದೆ ಅಂತ ಲೆಕ್ಕ ಹಾಕಬೇಡಿ. ಕೆಂಪು ಬರುವುದು ಹೆಚ್ಚಾಗಿ ತಳಿಯಿಂದ, ಬಿಸಿಲಿನಿಂದ, ರಾತ್ರಿಯ ಚಳಿಯಿಂದ. ನೋಡಬೇಕಾದ್ದು ಕೆಂಪಿನ ಅಡಿಯ ಬಣ್ಣವನ್ನು. ತೊಟ್ಟಿನ ಗುಳಿಯ ಸುತ್ತ, ಬಿಸಿಲು ಬೀಳದ ಮಗ್ಗುಲಲ್ಲಿ ಅದು ಕಾಣುತ್ತದೆ. ಅಲ್ಲಿ ಎಲೆಹಸಿರು ಇದ್ದರೆ ಹಣ್ಣನ್ನು ಬೇಗ ಕಿತ್ತಿದ್ದಾರೆ. ತೆಳು ಹಳದಿಗೆ ತಿರುಗಿದ್ದರೆ ಸರಿಯಾಗಿ ಬಲಿತಿದೆ. ಗ್ರ್ಯಾನಿ ಸ್ಮಿತ್‌ನಂಥ ಹಸಿರು ಸೇಬಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಬಾಕ್ಸ್ ತೆಗೆದುಕೊಳ್ಳುವುದಾದರೆ ಕೆಳಗಿನ ಟ್ರೇ ತೋರಿಸಿ ಅನ್ನಿ. ಸಂಕೋಚ ಬೇಡ. ತೊಟ್ಟು ಕಿತ್ತುಬಂದ ಹಣ್ಣು ಜಾಸ್ತಿ ಇದ್ದರೆ ಬಿಡಿ, ಆ ಗಾಯದಿಂದಲೇ ಕೊಳೆ ಶುರುವಾಗುವುದು.

ಹಿಮಾಚಲದ ಹಣ್ಣು ಜುಲೈ ಹೊತ್ತಿಗೆ ಶುರುವಾಗುತ್ತದೆ, ಕಾಶ್ಮೀರದ ಭರಾಟೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಹಾಗಾದರೆ ಏಪ್ರಿಲ್‌ನಲ್ಲಿ ಸಿಗುವ ಕಾಶ್ಮೀರಿ ಸೇಬು ಎಲ್ಲಿಂದ ಬಂತು? ಕೋಲ್ಡ್ ಸ್ಟೋರೇಜಿನಿಂದ. ಗಾಳಿಯಲ್ಲಿ ಸುಮಾರು ಶೇ 21 ಇರುವ ಆಮ್ಲಜನಕವನ್ನು ಅಲ್ಲಿನ ವಿಶೇಷ ಕೋಣೆಗಳಲ್ಲಿ ಶೇ 2–3ರ ಆಸುಪಾಸಿಗೆ ಇಳಿಸುತ್ತಾರೆ. ಚಳಿ ಸೊನ್ನೆ ಡಿಗ್ರಿಯ ಹತ್ತಿರ. ಉಸಿರಾಟ ಹೆಚ್ಚುಕಡಿಮೆ ನಿದ್ದೆಗೆ ಹೋಗುತ್ತದೆ. ಆರೇಳು ತಿಂಗಳ ಹಣ್ಣು ಅಂತ ಹೆದರಬೇಕಾಗಿಲ್ಲ. ಆದರೆ ಹೊರಗೆ ಬಂದ ಮೇಲೆ ಅದು ಬೇಗ ಹಿಟ್ಟುಹಿಟ್ಟಾಗುತ್ತದೆ. ಬೇಸಿಗೆಯಲ್ಲಿ ಬಾಕ್ಸ್ ತರಬೇಡಿ, ವಾರಕ್ಕಾಗುವಷ್ಟು ತನ್ನಿ.

ಬಲಿತಿದೆಯೋ ಇಲ್ಲವೋ ಪರೀಕ್ಷೆ ಮಾಡಿ

ಇದನ್ನು ಮಕ್ಕಳನ್ನು ಕೂರಿಸಿಕೊಂಡು ಮಾಡಿ, ಮಜಾ ಇರುತ್ತದೆ. ಸೇಬನ್ನು ನಡುವೆ ಅಡ್ಡಕ್ಕೆ ಕತ್ತರಿಸಿ. ಬೀಜದ ಗೂಡು ಐದು ಎಸಳಿನ ನಕ್ಷತ್ರದ ಹಾಗೆ ಕಾಣುತ್ತದೆ. ಬೀಜ ಬೆಳ್ಳಗಿದ್ದರೆ ಹಣ್ಣು ಎಳಸು, ಕಂದು ಇದ್ದರೆ ಬಲಿತದ್ದು. ಈಗ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ಸ್ವಲ್ಪ ನೀರು ಬೆರೆಸಿ ಕತ್ತರಿಸಿದ ಮುಖಕ್ಕೆ ಸವರಿ. ಒಂದೆರಡು ನಿಮಿಷ ಕಾಯಿರಿ.

ಪಿಷ್ಟ, ಅಂದರೆ ಹಿಟ್ಟಿನ ಅಂಶ ಉಳಿದಿರುವ ಕಡೆಯೆಲ್ಲ ನೀಲಿಗಪ್ಪು ಬಣ್ಣ ಏಳುತ್ತದೆ. ಸಕ್ಕರೆಯಾಗಿರುವ ಕಡೆ ಕಪ್ಪಾಗುವುದಿಲ್ಲ. ಸಾಮಾನ್ಯವಾಗಿ ನಡುವಿನಿಂದ ಶುರುವಾಗಿ ಸಿಪ್ಪೆಯ ಕಡೆಗೆ ತಿಳಿಯಾಗುತ್ತಾ ಬರುತ್ತದೆ. ಪೂರ್ತಿ ಕಪ್ಪಾಯಿತೋ, ಹಣ್ಣನ್ನು ಆತುರದಲ್ಲಿ ಕಿತ್ತಿದ್ದಾರೆ. ಯಾವ ದಿನ ಕೊಯ್ಲು ಮಾಡಬೇಕೆಂದು ತೋಟದವರು ನೋಡುವುದೂ ಇದೇ ಪರೀಕ್ಷೆಯಿಂದ. ಅಯೋಡಿನ್ ಸವರಿದ ತುಂಡನ್ನು ತಿನ್ನಬೇಡಿ, ಕಸಕ್ಕೆ ಹಾಕಿ.

ಎಳಸು ಹಣ್ಣನ್ನು ಮನೆಯಲ್ಲಿಟ್ಟರೆ ಸಿಹಿಯಾಗುತ್ತದಾ? ಸ್ವಲ್ಪ ಆಗುತ್ತದೆ. ಒಳಗಿರುವ ಹಿಟ್ಟು ಸಕ್ಕರೆಯಾಗುತ್ತದೆ. ಆದರೆ ಎಲೆ ಕೊಡಬೇಕಿದ್ದ ಸಕ್ಕರೆ ಇನ್ನು ಬರುವುದಿಲ್ಲ, ಅಲ್ವಾ?

ಮೇಣದ ಗಲಾಟೆ

ಸೇಬನ್ನು ಚಾಕುವಿನಲ್ಲಿ ಕೆರೆದು ಬಿಳಿ ಪುಡಿ ತೋರಿಸಿ, ಮೇಣ ಬಳಿದಿದ್ದಾರೆ, ತಿನ್ನಬೇಡಿ ಅನ್ನುವ ವಿಡಿಯೋ ನಿಮಗೂ ಬಂದಿರುತ್ತದೆ. ಸೇಬಿಗೆ ಹುಟ್ಟಿನಿಂದಲೇ ತೆಳು ಮೇಣದ ಹೊದಿಕೆ ಇರುತ್ತದೆ. ಒಳಗಿನ ನೀರು ಆರದಂತೆ ಕಾಯುವುದು ಅದೇ. ತೊಳೆದು ಪ್ಯಾಕ್ ಮಾಡುವಾಗ ಅದು ಸ್ವಲ್ಪ ಹೋಗುವುದರಿಂದ ಕೆಲವು ಕಡೆ ಅರಗು, ಜೇನುಮೇಣ ಅಥವಾ ಕಾರ್ನೌಬ ಎಂಬ ತಾಳೆ ಜಾತಿಯ ಮರದ ಮೇಣ ಲೇಪಿಸುತ್ತಾರೆ. ಇವು ತಿನ್ನಬಹುದಾದ ಮೇಣಗಳು. ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಬಟ್ಟೆಯಲ್ಲಿ ಒರೆಸಿದರೆ ಸಾಕು. ಆದರೆ ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ. ತೊಳೆದು ಒದ್ದೆಯಾಗಿ ಇಟ್ಟರೆ ಬೂಷ್ಟಿಗೆ ನಾವೇ ಕರೆದ ಹಾಗೆ.

ವಿಂಗಡಿಸಿ, ತಣ್ಣಗಿಡಿ

ಬಾಕ್ಸ್ ಮನೆಗೆ ಬಂದ ದಿನವೇ ಪೂರ್ತಿ ಬಿಚ್ಚಿ. ಏಟು ಬಿದ್ದವು, ತೂತಾದವು, ತೊಟ್ಟಿಲ್ಲದವು ಒಂದು ಕಡೆ. ಇವು ಮೊದಲು ತಿನ್ನಲಿಕ್ಕೆ. ಗಟ್ಟಿಯಾದವನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ. ಒಂದು ಕೊಳೆತರೂ ಬೂಷ್ಟು ಪಕ್ಕದ್ದಕ್ಕೆ ಸುಲಭವಾಗಿ ದಾಟುವುದಿಲ್ಲ. ಫ್ರಿಜ್‌ನಲ್ಲಿ ಇಡುವಷ್ಟು ಇಡಿ. ಹೊರಗಿಟ್ಟ ಸೇಬು ಫ್ರಿಜ್ಜಿನದಕ್ಕಿಂತ ಹಲವು ಪಟ್ಟು ಬೇಗ ಮೆತ್ತಗಾಗುತ್ತದೆ. ಜಾಗ ಸಾಲದಿದ್ದರೆ ಮನೆಯ ಅತಿ ತಂಪಾದ ಮೂಲೆ ಹುಡುಕಿ, ಗ್ಯಾಸ್ ಒಲೆಯಿಂದ ದೂರ.

ಫ್ರಿಜ್‌ನಲ್ಲಿ ಸೊಪ್ಪು, ಕ್ಯಾರೆಟ್ ಜೊತೆ ಮಾತ್ರ ಬೇಡ. ಎಥಿಲೀನ್ ತಾಗಿದರೆ ಕೊತ್ತಂಬರಿ ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಕವರಿನಲ್ಲಿ ಕಟ್ಟಿ ಬೇರೆ ಖಾನೆಯಲ್ಲಿಡಿ.

ಇದೇ ಅನಿಲವನ್ನು ಕೆಲಸಕ್ಕೂ ಹಚ್ಚಬಹುದು. ಸಪೋಟವನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಡುವುದು ಅಜ್ಜಿಯರ ಉಪಾಯ. ಹಣ್ಣು ಬಿಟ್ಟ ಅನಿಲ ಅಲ್ಲೇ ನಿಲ್ಲಲಿ ಅಂತ. ಅವಸರವಿದ್ದರೆ ಪೇಪರ್ ಕವರಿನಲ್ಲಿ ಸಪೋಟದ ಜೊತೆ ಒಂದು ಮಾಗಿದ ಸೇಬು ಇಟ್ಟು ಬಾಯಿ ಮಡಚಿ. ಬೆಣ್ಣೆಹಣ್ಣಿಗೂ ಇದು ಚೆನ್ನಾಗಿ ಆಗುತ್ತದೆ.

ಟಿಫಿನ್ ಡಬ್ಬಿಯಲ್ಲಿ ಕಂದಾಗದಂತೆ

ಎರಡು ಲೋಟ ನೀರಿಗೆ ಅರ್ಧ ಚಮಚ ಉಪ್ಪು. ಹೋಳುಗಳನ್ನು ಐದು ನಿಮಿಷ ಮುಳುಗಿಸಿ, ಬರೀ ನೀರಲ್ಲಿ ಜಾಲಿಸಿ. ನಿಂಬೆರಸವೂ ಆಗುತ್ತದೆ, ಆದರೆ ಮಕ್ಕಳು ಹುಳಿ ಅಂತ ವಾಪಸ್ ತರುತ್ತಾರೆ. ಕಂದಾದರೂ ತಿನ್ನಲು ಏನೂ ತೊಂದರೆಯಿಲ್ಲ.

ಮೆತ್ತಗಾದವನ್ನು ಏನು ಮಾಡುವುದು?

ಜಾಮ್ ಮಾಡಿ. ಒಂದು ಕೆಜಿ ಸೇಬಿಗೆ ಮುಕ್ಕಾಲು ಕೆಜಿ ಸಕ್ಕರೆ, ಎರಡು ನಿಂಬೆಹಣ್ಣು. ಜಾಮ್ ಗಟ್ಟಿಯಾಗುವುದು ಪೆಕ್ಟಿನ್ ಎಂಬ ಅಂಶದಿಂದ. ಹಣ್ಣು ಮಾಗಿದಷ್ಟೂ ಅದು ಕಡಿಮೆಯಾಗುತ್ತದೆ. ಅದಕ್ಕೇ ಒಂದು ಗಟ್ಟಿ ಹುಳಿ ಸೇಬನ್ನೂ ಸೇರಿಸಿ. ಸಿಪ್ಪೆ, ಬೀಜ ತೆಗೆದ ನಡುಭಾಗ ಎಸೆಯಬೇಡಿ. ಪೆಕ್ಟಿನ್ ಜಾಸ್ತಿ ಇರುವುದು ಅಲ್ಲೇ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಹೋಳುಗಳ ಜೊತೆ ಒಂದು ಲೋಟ ನೀರಿನಲ್ಲಿ ಬೇಯಿಸಿ. ಮೆತ್ತಗೆ ಬೆಂದ ಮೇಲೆ ಗಂಟನ್ನು ಚೆನ್ನಾಗಿ ಹಿಂಡಿ ತೆಗೆಯಿರಿ. ಹೋಳು ಮಸೆದು, ಸಕ್ಕರೆ, ನಿಂಬೆರಸ ಹಾಕಿ ಕೈಬಿಡದೆ ತಿರುವಿ. ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಹಿಡಿಯಿರಿ.

ಹದ ನೋಡಲು ಒಂದು ಸ್ಟೀಲ್ ತಟ್ಟೆ ಮೊದಲೇ ಫ್ರೀಜರಿನಲ್ಲಿಡಿ. ಅದರ ಮೇಲೆ ಅರ್ಧ ಚಮಚ ಜಾಮ್ ಹಾಕಿ ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಬಿದ್ದರೆ ಒಲೆ ಆರಿಸಿ. ಹರಿದರೆ ಇನ್ನೂ ಐದು ನಿಮಿಷ.

ಹಸಿರು ಹುಳಿ ಸೇಬು ಉಳಿದಿದ್ದರೆ ತುರಿದು ಚಿತ್ರಾನ್ನಕ್ಕೆ ಹಾಕಿ. ವಿದೇಶದಲ್ಲಿರುವ ನನ್ನ ಅಕ್ಕ ಮಾವಿನಕಾಯಿ ಸಿಗದಾಗ ಮಾಡುವುದು ಇದನ್ನೇ.

ಬೀಜ ಹಾಕಿದರೆ ಗಿಡ ಬರುತ್ತದಾ?

ಬರುತ್ತದೆ, ಆದರೆ ನೀವು ತಿಂದ ಹಣ್ಣೇ ಅದರಲ್ಲಿ ಬಿಡುವುದಿಲ್ಲ. ಸೇಬಿನ ಹೂವಿಗೆ ಸಾಮಾನ್ಯವಾಗಿ ಬೇರೆ ತಳಿಯ ಪರಾಗ ಬೇಕು, ಹಾಗಾಗಿ ಒಂದೊಂದು ಬೀಜವೂ ಬೇರೆ ಬೇರೆ ಬೆರಕೆ. ಅದಕ್ಕೇ ತೋಟದಲ್ಲಿ ಕಸಿ ಗಿಡವನ್ನೇ ನೆಡುವುದು. 1916ರಲ್ಲಿ, ಹಿಮಾಚಲದಲ್ಲಿ ನೆಲೆಸಿದ್ದ ಅಮೆರಿಕದ ಸ್ಯಾಮುಯೆಲ್ ಸ್ಟೋಕ್ಸ್ ತಮ್ಮ ದೇಶದಿಂದ ರೆಡ್ ಡೆಲಿಷಿಯಸ್ ತಳಿ ತಂದು ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಟ್ಟ ಮೇಲೆ ಹಿಮಾಚಲದ ಬೆಟ್ಟಗಳಲ್ಲಿ ಸೇಬು ಹಬ್ಬಿದ್ದೂ ಕಸಿಯಿಂದಲೇ.

ಇನ್ನೊಂದು ತೊಡಕು ಚಳಿ. ಮಾಮೂಲಿ ಸೇಬಿನ ಮರಕ್ಕೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ ಸುಮಾರು ಸಾವಿರ ಗಂಟೆ ಬೇಕು, ಆಗಲೇ ಮೊಗ್ಗು ಸರಿಯಾಗಿ ಒಡೆಯುವುದು. ನಮ್ಮ ಬಯಲುಸೀಮೆಯಲ್ಲಿ ಅಷ್ಟು ಚಳಿ ಎಲ್ಲಿ? ಆಸೆ ಇದ್ದವರು ಕಡಿಮೆ ಚಳಿ ಸಾಕಾಗುವ ಅನ್ನಾ, ಡೋರ್ಸೆಟ್ ಗೋಲ್ಡನ್, ಹಿಮಾಚಲದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ಕಸಿ ಗಿಡಗಳನ್ನು ಕೇಳಿ. ಅನ್ನಾ ನೆಟ್ಟರೆ ಪಕ್ಕದಲ್ಲೇ ಡೋರ್ಸೆಟ್ ಗೋಲ್ಡನ್ ಇರಲಿ, ಪರಾಗಕ್ಕೆ.

ಸುಮ್ನೆ ಮೊಳಕೆ ನೋಡುವ ಆಸೆಯಾದರೆ ಬೀಜಗಳನ್ನು ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಡಿ. ಅದೇ ಅದಕ್ಕೆ ಚಳಿಗಾಲ. ಪೇಪರ್ ಒಣಗದಂತೆ ಆಗಾಗ ನೀರು ಚಿಮುಕಿಸಿ. ಡಬ್ಬಿಯ ಮೇಲೆ "ಸೇಬಿನ ಬೀಜ, ಎಸೆಯಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ನಾನು ಬರೆದಿರಲಿಲ್ಲ. ದೀಪಾವಳಿಗೆ ಫ್ರಿಜ್ ತೊಳೆದ ದಿನ ನಮ್ಮ ತೋಟ ಕಸದ ಗಾಡಿ ಹತ್ತಿತು.