ಬದಲಾವಣೆಯೋ ಪರಿವರ್ತನೆಯೋ? ಗುರುತಿಸುವುದು, ಮಾಡುವುದು ಹೀಗೆ

ಹಿಂದಿನ ಕಾರ್ಖಾನೆಗಳಲ್ಲಿ ದೊಡ್ಡದೊಂದು ಉಗಿ ಎಂಜಿನ್ ಇರುತ್ತಿತ್ತು. ಚಾವಣಿಯುದ್ದಕ್ಕೂ ಹಾದುಹೋದ ಕಬ್ಬಿಣದ ದಂಡವನ್ನು ಅದು ತಿರುಗಿಸುತ್ತಿತ್ತು. ದಂಡದಿಂದ ಇಳಿದ ಬೆಲ್ಟುಗಳು ಯಂತ್ರಗಳನ್ನು ಓಡಿಸುತ್ತಿದ್ದವು. ವಿದ್ಯುತ್ ಬಂದಾಗ ಅನೇಕ ಮಾಲೀಕರು ಎಂಜಿನ್ ಕಿತ್ತು, ಅದೇ ಜಾಗದಲ್ಲಿ ದೊಡ್ಡ ಮೋಟಾರು ಕೂರಿಸಿದರು. ದಂಡ, ಬೆಲ್ಟು, ಯಂತ್ರಗಳ ಸಾಲು ಇದ್ದ ಹಾಗೇ ಉಳಿದವು. ಲಾಭವೂ ಅಷ್ಟಕ್ಕಷ್ಟೇ. ಮುಂದೆ ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಬಂತು. ದಂಡದ ಪಕ್ಕದಲ್ಲೇ ಇರಬೇಕೆಂಬ ಕಟ್ಟು ಕಳಚಿತು. ಕೆಲಸ ಸಾಗುವ ಕ್ರಮದಲ್ಲೇ ಯಂತ್ರಗಳನ್ನು ಜೋಡಿಸಿದರು. ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು ಆಗ, 1920ರ ದಶಕದಲ್ಲಿ. ನ್ಯೂಯಾರ್ಕಿನಲ್ಲಿ ಎಡಿಸನ್‌ನ ವಿದ್ಯುತ್ ಕೇಂದ್ರ ಶುರುವಾದದ್ದು 1882ರಲ್ಲಿ!

ಎಂಜಿನ್ ಬದಲಿಸಿದ್ದು ಬದಲಾವಣೆ, ಜೋಡಣೆಯ ತರ್ಕವನ್ನೇ ಬದಲಿಸಿದ್ದು ಪರಿವರ್ತನೆ. ನಿಮ್ಮ ಸಂಸ್ಥೆ ಕೈಗೆತ್ತಿಕೊಂಡಿರುವುದು ಯಾವುದು ಎಂದು ತಿಳಿಯದೆ ಹಣ ಸುರಿಯಬೇಡಿ.

ಮೊದಲು ನಾಲ್ಕು ಸಾಲು ಬರೆಯಿರಿ. ಯಾವ ಸಾಧನ ಬದಲಾಗುತ್ತದೆ? ಯಾವ ನಿಯಮ? ಯಾವ ಅಳತೆ? ಯಾರ ಅಧಿಕಾರ? ಮೊದಲ ಸಾಲು ಮಾತ್ರ ತುಂಬಿದರೆ ಅದು ಸಾಮಾನ್ಯ ಬದಲಾವಣೆ. ಅದರಲ್ಲಿ ತಪ್ಪೇನೂ ಇಲ್ಲ, ಎಷ್ಟೋ ಸಮಸ್ಯೆಗಳಿಗೆ ಅಷ್ಟೇ ಸಾಕು. ಸಂಸ್ಥೆಗಳು ಹೇಗೆ ಕಲಿಯುತ್ತವೆ ಎಂದು ಅಧ್ಯಯನ ಮಾಡಿದ ವಿದ್ವಾಂಸ ಕ್ರಿಸ್ ಆರ್ಗಿರಿಸ್ ಕೊಡುತ್ತಿದ್ದ ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ: ಕೋಣೆ ತಣ್ಣಗಾದಾಗ, ಉಷ್ಣತೆಯನ್ನು ಕಾಯುವ ಥರ್ಮೋಸ್ಟಾಟ್ ಎಂಬ ಸಾಧನ ಹೀಟರ್ ಹಚ್ಚುತ್ತದೆ. ಆದರೆ ‘ಇಷ್ಟೇ ಡಿಗ್ರಿ ಏಕಿರಬೇಕು’ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆ ಕೇಳಲೇಬೇಕಾದ ಕಡೆ ಮಾತ್ರ ಪರಿವರ್ತನೆಗೆ ಕೈ ಹಾಕಿ.

ಬರೆಯದೇ ಇರುವ ನಿಯಮವನ್ನು ಹುಡುಕಿ. ದೂರು ವಿಭಾಗವೊಂದನ್ನು ಊಹಿಸಿಕೊಳ್ಳಿ. ದಿನಕ್ಕೆ ಎಷ್ಟು ದೂರು ಮುಗಿಸಿದಿರಿ ಎಂಬುದೇ ಅಲ್ಲಿಯ ಅಳತೆ. ಬಿಲ್ಲಿನ ಒಂದೇ ತಪ್ಪಿಗೆ ಗ್ರಾಹಕರೊಬ್ಬರು ಮೂರು ಸಲ ಕರೆ ಮಾಡಿದರೆ ಲೆಕ್ಕದಲ್ಲಿ ಮೂರು ದೂರು ‘ಮುಗಿದಿವೆ’. ಹೊಸ ಸಾಫ್ಟ್‌ವೇರ್ ತಂದರೆ ಇದೇ ತಪ್ಪು ಇನ್ನೂ ಬೇಗ ಬೇಗ ನಡೆಯುತ್ತದೆ. ಇಲ್ಲಿ ಅಡಗಿರುವ ನಿಯಮ ‘ಬಿಲ್ಲು ನಮ್ಮ ಕೆಲಸವಲ್ಲ’ ಎಂಬುದು. ಇದನ್ನು ಸಭೆಯಲ್ಲಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೆಲಸ ಮಾಡುವವರ ಪಕ್ಕದಲ್ಲಿ ಎರಡು ದಿನ ಕುಳಿತು, ಅವರು ಎಲ್ಲೆಲ್ಲಿ ಕೈ ಚೆಲ್ಲುತ್ತಾರೆ ಎಂದು ಬರೆದುಕೊಳ್ಳಿ.

ಅಳತೆ ಮತ್ತು ಅಧಿಕಾರ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದೇ ಘಟಕದಲ್ಲಿ. ‘ಒಂದೇ ಕಾರಣಕ್ಕೆ ಮರಳಿ ಬಂದ ಕರೆಗಳೆಷ್ಟು’ ಎಂಬುದು ಹೊಸ ಅಳತೆಯಾಗಲಿ. ಜೊತೆಗೇ, ಕರೆ ಸ್ವೀಕರಿಸುವವರಿಗೆ ಒಂದು ಮಿತಿಯೊಳಗೆ ಬಿಲ್ಲು ತಿದ್ದುವ ಅಧಿಕಾರ ಕೊಡಿ. ಅಳತೆ ಮಾತ್ರ ಬದಲಿಸಿದರೆ ಕೈ ಕಟ್ಟಿ ಓಡು ಎಂದಂತೆ. ಅಧಿಕಾರ ಮಾತ್ರ ಕೊಟ್ಟರೆ ಹಳೆಯ ಅಳತೆಗೆ ಹೆದರಿ ಅದನ್ನು ಯಾರೂ ಬಳಸುವುದಿಲ್ಲ.

ಇಂಥ ಅಧಿಕಾರ ಕೊಟ್ಟ ಒಂದು ಉದಾಹರಣೆ ನೋಡಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರು ಕಾರ್ಖಾನೆ, ಟೊಯೋಟಾ ಜೊತೆಗಿನ ಪಾಲುದಾರಿಕೆಯಲ್ಲಿ 1984ರಲ್ಲಿ ಮತ್ತೆ ತೆರೆಯಿತು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ. ಹಿಂದೆ ಅಸೆಂಬ್ಲಿ ಲೈನ್ ನಿಲ್ಲಿಸುವುದೆಂದರೆ ಅಪರಾಧ. ಮತ್ತೆ ತೆರೆದಾಗ ತಲೆಯ ಮೇಲೆ ಹಗ್ಗ ಬಂತು. ಬೋಲ್ಟು ಸರಿಯಾಗಿ ಕೂರದಿದ್ದರೆ ಕಾರ್ಮಿಕ ಹಗ್ಗ ಎಳೆಯುತ್ತಿದ್ದ, ತಂಡದ ನಾಯಕ ಓಡಿ ಬರುತ್ತಿದ್ದ, ಆಗಲೂ ಸರಿಹೋಗದಿದ್ದರೆ ಲೈನ್ ನಿಲ್ಲುತ್ತಿತ್ತು. ಕಾರುಗಳ ಗುಣಮಟ್ಟ ಬೇಗನೆ ಏರಿತು. ಅದಕ್ಕೆ ಹಗ್ಗವಷ್ಟೇ ಕಾರಣವಲ್ಲ. ಎಳೆದವನನ್ನು ಬೈಯದೆ, ನೆರವಿಗೆ ಓಡಿ ಬರುವ ವ್ಯವಸ್ಥೆ ಅದರ ಹಿಂದಿತ್ತು.

ಇಳಿತಕ್ಕೆ ಸಿದ್ಧರಾಗಿ. ಹೊಸ ರೀತಿ ಕೈಗೆ ಹತ್ತುವವರೆಗೆ ಕೆಲಸ ನಿಧಾನವಾಗುತ್ತದೆ, ತಪ್ಪುಗಳೂ ಹೆಚ್ಚು ಕಾಣುತ್ತವೆ. ಕಾಣುತ್ತವೆ ಎಂದೆವು, ಏಕೆಂದರೆ ಅವುಗಳಲ್ಲಿ ಎಷ್ಟೋ ಮೊದಲೂ ಇದ್ದವು, ಮುಚ್ಚಿಡಲಾಗಿತ್ತು. ಎಷ್ಟು ಕಾಲ, ಎಷ್ಟರ ಮಟ್ಟಿಗಿನ ಇಳಿತವನ್ನು ತಾಳಿಕೊಳ್ಳುತ್ತೇವೆ ಎಂಬುದನ್ನು ಮೇಲಧಿಕಾರಿಗಳಿಂದ ಮೊದಲೇ ಬರೆಸಿಕೊಳ್ಳಿ. ಬರೆಸದಿದ್ದರೆ ಮೊದಲ ಕೆಟ್ಟ ತಿಂಗಳಲ್ಲೇ ಹಳೆಯ ಅಳತೆ ವಾಪಸ್ ಬರುತ್ತದೆ.

ಕೊನೆಗೆ ಮೂರು ಕಡೆ ಇಣುಕಿ: ಬಜೆಟ್, ಬಡ್ತಿ ಪಟ್ಟಿ, ವಾರದ ಸಭೆಯ ಮೊದಲ ಪ್ರಶ್ನೆ. ಹಣ ಹಳೆಯ ವಿಭಾಗಗಳ ಲೆಕ್ಕದಲ್ಲೇ ಹರಿಯುತ್ತಿದ್ದರೆ, ಹೆಚ್ಚು ದೂರು ‘ಮುಗಿಸಿದವರಿಗೇ’ ಬಡ್ತಿ ಸಿಕ್ಕಿದ್ದರೆ, ‘ನಿನ್ನೆ ಎಷ್ಟಾಯಿತು?’ ಎಂದೇ ಸಭೆ ಶುರುವಾಗುತ್ತಿದ್ದರೆ, ದಂಡ ಇನ್ನೂ ಚಾವಣಿಯಲ್ಲೇ ತಿರುಗುತ್ತಿದೆ. ಬರೆಯದೇ ಇರುವ ನಿಯಮವನ್ನು ಹುಡುಕುವ ಎರಡನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ.