ಜಪಾನಿನ ಹಳ್ಳಿಯಲ್ಲಿ ಮನೆ ಕಟ್ಟೋಕೆ ಜಾಗ ಕೊಳ್ಳುವಾಗ

ನಾಗಾನೊ ಕಡೆ ಜಾಗ ಹುಡುಕುವಾಗ ನಾನು ಬೆಟ್ಟಕ್ಕಿಂತ ಮೊದಲು ರಸ್ತೆ ನೋಡುತ್ತಿದ್ದೆ. ನಗರ ಯೋಜನೆಯ ವ್ಯಾಪ್ತಿಯಲ್ಲಿ (ಎಷ್ಟೋ ಹಳ್ಳಿಗಳೂ ಅದರಲ್ಲಿ ಬರುತ್ತವೆ) ಸಾಮಾನ್ಯವಾಗಿ 4 ಮೀಟರ್ ಅಗಲದ ರಸ್ತೆಗೆ ಜಾಗ ಕನಿಷ್ಠ 2 ಮೀಟರ್ ತಾಗಿರಬೇಕು. ಹಳೆಯ ಕಿರಿದಾದ ರಸ್ತೆಯಾದರೆ ಅದರ ನಡುವಿನಿಂದ 2 ಮೀಟರ್ ಬಿಟ್ಟು ಕಟ್ಟಬೇಕು. ಅಷ್ಟು ಜಾಗ ಸುಮ್ನೆ ಹೋಯಿತು ಅಂತಲೇ ಲೆಕ್ಕ, ಬೆಲೆ ಮಾತಾಡುವಾಗ ಇದನ್ನು ಹೇಳಿ.

ಆಮೇಲೆ ಹೋಮುಕ್ಯೋಕು ಎಂಬ ಜಮೀನು ನೋಂದಣಿ ಕಚೇರಿಯಲ್ಲಿ ಜಾಗದ ದಾಖಲೆ ತೆಗೆಸಿ. ಗದ್ದೆ, ಹೊಲ ಅಂತಿದ್ದರೆ ಕೃಷಿ ಸಮಿತಿಯ ಮೂಲಕ ಅನುಮತಿ ಬೇಕು. ಅದು ಸಿಗದ ಜಾಗಗಳೂ ಇವೆ. ಹಾಗಾಗಿ ಒಪ್ಪಂದದಲ್ಲಿ ‘ಅನುಮತಿ ಸಿಕ್ಕರೆ ಮಾತ್ರ ಖರೀದಿ’ ಎಂದು ಬರೆಸಲೇಬೇಕು. ನಗರ ಯೋಜನೆಯಲ್ಲಿ ಜಾಗ ‘ಚೋಸೆ ಕುಯಿಕಿ’ (ನಗರ ಹಬ್ಬದಂತೆ ತಡೆಯುವ ವಲಯ) ಎಂದಿದ್ದರೆ ಇನ್ನೂ ಹುಷಾರು, ಅಲ್ಲಿ ಹೊಸ ಮನೆಗೆ ಸಾಮಾನ್ಯವಾಗಿ ಅವಕಾಶವಿಲ್ಲ.

ಒಳಚರಂಡಿ ಇಲ್ಲದಿದ್ದರೆ ಜೋಕಾಸೋ ತೊಟ್ಟಿಯ (ಮನೆಯ ಕೊಳಚೆ ನೀರನ್ನು ಅಲ್ಲೇ ಶುದ್ಧ ಮಾಡುವ ತೊಟ್ಟಿ) ಖರ್ಚು ಸೇರಿಸಿ. ಪುರಸಭೆಯ ಹಜಾರ್ಡ್ ಮ್ಯಾಪ್‌ನಲ್ಲಿ ಪ್ರವಾಹ, ಭೂಕುಸಿತದ ಗುರುತು ನೋಡಿ.